ಒಕ್ತೋವಿನಾ ಕಟ್ಟಿದ ಗರಿ

ಒಕ್ತೋವಿನಾ ತನ್ನ ಮೈದುನ ಬೊನಿಫಾಸನಿಗೆ ಒಂಬತ್ತು ವರ್ಷ ಊಟ ಬಡಿಸಿದಳು. ಒಂಬತ್ತು ವರ್ಷವೂ ಅವನು ಕೊನೆಯ ತುತ್ತು ನುಂಗುವವರೆಗೆ ಎದುರಿಗೆ ನಿಂತು ನೋಡಿದಳು. ಊರಿನವರು ಅದನ್ನು ಅಕ್ಕರೆ ಎಂದುಕೊಂಡರು. ಗಂಡ ಸತ್ತವಳು, ಮಕ್ಕಳಿಲ್ಲದವಳು, ಮೈದುನನನ್ನೇ ಮಗನಂತೆ ಕಾಣುತ್ತಾಳೆ ಎಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಹೊಗಳಿದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು, ಮನೆಗೆ ಬಂದು ಮರಗೆಣಸು ತುರಿಯಲು ಕೂತಳು.

ಕೆಯ್ ದ್ವೀಪಗಳ ಮರಗೆಣಸು ಕಹಿ. ಹಸಿಯಾಗಿ ತಿಂದರೆ ಜೀವಕ್ಕೇ ಸಂಚಕಾರ. ಅಗೆದು, ಹೊತ್ತು ತಂದು, ಸಿಪ್ಪೆ ತೆಗೆದು, ತುರಿದು, ಚೀಲಕ್ಕೆ ತುಂಬಿ, ಮೇಲೆ ಹಲಗೆಯಿಟ್ಟು, ಹಲಗೆಯ ಮೇಲೆ ಕಲ್ಲು ಹೇರಿ, ಒಂದು ಹಗಲು ಒಂದು ರಾತ್ರಿ ವಿಷದ ನೀರು ಪೂರ್ತಿ ಬಸಿಯುವವರೆಗೆ ಬಿಡಬೇಕು. ಆಮೇಲೆ ಉದುರಿಸಿ, ಜರಡಿ ಹಿಡಿದು, ಅಚ್ಚಿಗೆ ತುಂಬಿ ಸುಟ್ಟರೆ ಎನ್ಬಾಲ್ ಎಂಬ ಗಟ್ಟಿ ರೊಟ್ಟಿ. ತಿನ್ನುವವರಿಗೆ ಎರಡು ನಿಮಿಷದ ಕೆಲಸ. ಇಷ್ಟೂ ಹೆಂಗಸರ ಪಾಲಿನದು. ಗಂಡಸರು ಕಲ್ಲು ಎತ್ತಿಕೊಡಬಹುದು, ಅವರು ಮನೆಯಲ್ಲಿದ್ದರೆ. ಅವಳ ಊರಾದ ಓಹೊಯ್ವಾರದಲ್ಲಿ ಒಕ್ತೋವಿನಾಳಷ್ಟು ಚೊಕ್ಕವಾಗಿ ವಿಷ ಹಿಂಡುವವರು ಇರಲಿಲ್ಲ. ಎಷ್ಟು ಹಿಂಡಿದರೆ ರೊಟ್ಟಿ, ಎಷ್ಟು ಉಳಿಸಿದರೆ ಸಾವು ಎಂಬ ಲೆಕ್ಕ ಅವಳ ಅಂಗೈಗೆ ಗೊತ್ತಿತ್ತು. ಆ ಲೆಕ್ಕವನ್ನು ಅವಳು ಬೊನಿಫಾಸನ ತಟ್ಟೆಯ ಮುಂದೆ ಒಂದೆರಡು ಸಲವಲ್ಲ, ಹಲವು ಸಲ ಹಾಕಿದ್ದಳು. ಹಾಕಿ ಬಿಟ್ಟುಬಿಟ್ಟಿದ್ದಳು. ಸತ್ತವನು ಬಾಯಿ ಬಿಡುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಅವನ ಬಾಯಿಂದ ಬೀಳಬೇಕಾದ ಒಂದು ಮಾತು.

ಬೊನಿಫಾಸನದು ದ್ವೀಪ ತೋರಿಸುವ ಬೋಟು. ಪೇಟೆಯಿಂದ ಬಂದ ಅತಿಥಿಗಳನ್ನು ಬೆಳಿಗ್ಗೆ ಹತ್ತಿಸಿಕೊಂಡು ಸಂಜೆಯೊಳಗೆ ನಾಲ್ಕು ದ್ವೀಪ ಸುತ್ತಿಸುತ್ತಿದ್ದ. ಮೊದಲು ಬಾವಲಿಗಳ ದ್ವೀಪ. ಎರಡನೆಯದು ನುಹುತಾ, ಅಲ್ಲಿ ಮಧ್ಯಾಹ್ನದ ಊಟ. ಮೂರನೆಯದು ಸಮುದ್ರದ ನಡುವೆ ಚಾಚಿದ ಮರಳುನಾಲಿಗೆ, ವರ್ಷದ ಕೆಲವು ತಿಂಗಳು ದೊಡ್ಡ ಕೊಕ್ಕಿನ ಬಿಳಿ ಹಕ್ಕಿಗಳು ಅಲ್ಲಿ ಬಂದಿಳಿಯುತ್ತವೆ. ನಾಲ್ಕನೆಯದು ಬಂಡೆಕೊಲ್ಲಿ, ಸುತ್ತ ಕಲ್ಲಿನ ಗೋಡೆ, ನಡುವೆ ಹಸಿರು ನೀರು. ಸಿಹಿನೀರಿನ ಬಾವಿಯೂ ನೆರಳೂ ಇದ್ದದ್ದು ನುಹುತಾದಲ್ಲಿ ಮಾತ್ರ. ಸೂರ್ಯ ಮೂಡುವಾಗ ಬೊನಿಫಾಸ ಒಕ್ತೋವಿನಾಳನ್ನು ಪಾತ್ರೆ, ರೊಟ್ಟಿಯ ಬುಟ್ಟಿ, ಸೌದೆಗಳ ಸಮೇತ ಅಲ್ಲಿ ಇಳಿಸಿ ಅತಿಥಿಗಳನ್ನು ಕರೆತರಲು ಹೋಗುತ್ತಿದ್ದ. ಅವಳು ಮೀನು ಸುಟ್ಟು, ಮಣಿಮಣಿಯಂಥ ಕಡಲಸೊಪ್ಪಿಗೆ ಕಾಯಿತುರಿ ಕಲಸಿ, ಹುಳಿಖಾರ ಅರೆದು ಕಾಯುತ್ತಿದ್ದಳು. ಅವರು ಉಂಡು ಹೋದ ಮೇಲೆ ಪಾತ್ರೆ ತಿಕ್ಕಿ ಸಂಜೆಯವರೆಗೆ ಮತ್ತೆ ಕಾಯುತ್ತಿದ್ದಳು. ಉಳಿದ ಮೂರು ದ್ವೀಪಗಳನ್ನು ಅವಳು ಕಂಡಿರಲಿಲ್ಲ. ತೋರಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಬೋಟು ಕೊಂಡ ಮೊದಲನೆಯ ವರ್ಷ, ಅಕ್ಟೋಬರಿನ ದೊಡ್ಡ ಇಳಿತದ ದಿನಗಳಲ್ಲಿ, ಒಂದು ದಿನ ಹದಿನಾಲ್ಕು ಜನ ಅತಿಥಿಗಳಿದ್ದರು. ಒಬ್ಬಳಿಂದಾಗದು ಎಂದು ಗಂಡ ಮೆಲ್ಕಿಯೋರನೂ ಅವಳ ಜೊತೆ ನುಹುತಾಕ್ಕೆ ಬಂದ. ಮೀನು ಮಗುಚುತ್ತಿದ್ದವನು ಇದ್ದಕ್ಕಿದ್ದಂತೆ ಎದೆ ಹಿಡಿದು ಕೂತ. ಮೈಯೆಲ್ಲ ಬೆವರು, ಎಡಗೈ ಮರಗಟ್ಟಿತ್ತು. ಬೋಟು ಬಂದಾಗ ಒಕ್ತೋವಿನಾ ಮೊಣಕಾಲುದ್ದ ನೀರಿನಲ್ಲಿ ಓಡಿಹೋಗಿ, ಇವರನ್ನು ಈಗಲೇ ಪೇಟೆಗೆ ಕರೆದುಕೊಂಡು ಹೋಗು ಎಂದಳು. ಬೊನಿಫಾಸ ಬಂದು ಅಣ್ಣನ ಹಣೆ ಮುಟ್ಟಿ ನೋಡಿದ. ಒಲೆಯ ಹೊಗೆ ಕುಡಿದಿದ್ದಾನೆ, ನೆರಳಲ್ಲಿ ಮಲಗಿಸು, ನೀರು ಇಷ್ಟು ದೂರ ಹೋಗಿರುವಾಗ ಬೋಟಿನವರೆಗೆ ಹೊರುವುದು ಹೇಗೆ, ವಾಪಸು ಬರುವಾಗ ಕರೆದುಕೊಂಡು ಹೋಗುತ್ತೇನೆ ಎಂದ. ಅತಿಥಿಗಳ ತಂಪುಪೆಟ್ಟಿಗೆಯನ್ನು ಮಾತ್ರ ಅದೇ ನೀರಿನಲ್ಲಿ ಹೆಗಲ ಮೇಲೆ ಹೊತ್ತುಕೊಂಡು ಹೋದ. ಬೋಟು ಮರಳುನಾಲಿಗೆಯ ಕಡೆ ತಿರುಗಿತು.

ನೀರು ಒಲೆಯ ಕಲ್ಲಿನವರೆಗೆ ಏರಿ ಬಂದಾಗ ಮೆಲ್ಕಿಯೋರ ಅವಳ ಮಡಿಲಲ್ಲಿ ಸತ್ತ. ಬೋಟು ಬಂದದ್ದು ಅದಾಗಿ ಬಹಳ ಹೊತ್ತಿನ ಮೇಲೆ.

ಬೊನಿಫಾಸ ಊರಿಗೆ ಹೇಳಿದ್ದೇ ಬೇರೆ. ಮಧ್ಯಾಹ್ನ ತಾನು ಹೋಗುವಷ್ಟರಲ್ಲೇ ಅಣ್ಣ ಹೋಗಿಬಿಟ್ಟಿದ್ದ, ಮಾಡುವುದು ಏನೂ ಉಳಿದಿರಲಿಲ್ಲ ಎಂದ. ಮೂರನೆಯ ದಿನದ ಪ್ರಾರ್ಥನೆಗೆ ಕೂಡಿದವರ ಎದುರು ಒಕ್ತೋವಿನಾ ಬಾಯಿಬಿಟ್ಟಳು: ಇವನು ಬಂದಾಗ ಅವರು ಮಾತಾಡುತ್ತಿದ್ದರು, ನೀರು ಕೇಳಿದರು. ಹೆಂಗಸರು ಅವಳ ಬೆನ್ನು ಸವರಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖದಲ್ಲಿರುವ ಹೆಂಗಸಿಗೆ ಹೊತ್ತು ಹೋದದ್ದು ಬಂದದ್ದು ತಿಳಿಯುವುದಿಲ್ಲ ಎಂದು ಬೊನಿಫಾಸನೇ ಮೆತ್ತಗೆ ಹೇಳಿ ಕಣ್ಣೊರೆಸಿಕೊಂಡ. ಮಾತು ಅಲ್ಲಿಗೆ ಮುಗಿಯಿತು. ಅವಳ ಮಟ್ಟಿಗೆ ಶುರುವಾಯಿತು.

ಹೋಗಲು ಬೇರೆ ಮನೆಯಿರಲಿಲ್ಲ. ಮಲಗುವ ಚಾಪೆ, ಸೂರು ಎಲ್ಲ ಅವನದು. ಏಳು ಜನರ ಅಡಿಗೆ, ಬಟ್ಟೆ, ಹಂದಿಗಳ ಕೂಳು, ಬೋಟಿನ ಊಟ ಅವಳದು. ಬೊನಿಫಾಸನ ಹೆಂಡತಿ ರೊಸ್ವಿತಾ ಕೆಟ್ಟವಳಲ್ಲ, ಅವಳ ತಲೆಯ ಮೇಲೂ ಅತಿಥಿಗಳ ಟವೆಲ್ಲು, ಹಾಸಿಗೆ, ನಗು ಹೇರಿದ್ದವು. ಆದರೆ ಫೋಟೋಗಳಲ್ಲಿ ರೊಟ್ಟಿಯ ತಟ್ಟೆ ಹಿಡಿದು ನಿಲ್ಲುತ್ತಿದ್ದವಳು ಅವಳು. ಒಮ್ಮೆ ಪಕ್ಕದ ಮನೆಯ ತೆಕ್ಲಾ ಅಂಥದೊಂದು ಫೋಟೋ ನೋಡಿ, "ನಿನ್ನ ಕೈ ಎಲ್ಲೇ, ಒಕ್ತೋವಿನಾ? ರೊಟ್ಟಿ ತಾನಾಗೇ ಬೆಂದು ತಟ್ಟೆಗೆ ಹಾರಿದ ಹಾಗಿದೆಯಲ್ಲ" ಎಂದಳು. ಒಕ್ತೋವಿನಾ ನಕ್ಕಳು. ಅವಳ ಕೈ ಬೇರೆಯದಕ್ಕೆ ಕಾಯುತ್ತಿತ್ತು.

ಹತ್ತನೆಯ ವರ್ಷ ಅದು ತಾನಾಗಿ ಬಂತು. ತಂದವನು ಬೊನಿಫಾಸನೇ.

ಪಕ್ಕದ ಊರಿನವನೊಬ್ಬ ಹೊಸ ಬೋಟು ತಂದು ತನ್ನ ಅತಿಥಿಗಳನ್ನೂ ನುಹುತಾದಲ್ಲಿ ಇಳಿಸತೊಡಗಿದ. ಅದೇ ಬಾವಿ, ಅದೇ ನೆರಳು. ಬೊನಿಫಾಸ ಬೈದ, ಕಲ್ಲು ತೂರಿದ, ಉಪಯೋಗವಾಗಲಿಲ್ಲ. ಆಗ ಹವೇಯರ್ ಕಟ್ಟಿಸುವ ಯೋಚನೆ ಮಾಡಿದ. ಎಳೆ ತೆಂಗಿನ ಗರಿಯನ್ನು ಹೆಣೆದು ಮರಕ್ಕೋ ಬಾಗಿಲಿಗೋ ಊರ ಹಿರಿಯರ ಎದುರು ಕಟ್ಟುವ ತಡೆ ಅದು. ಕಟ್ಟಿದ ಮೇಲೆ ಒಳಗೆ ಕಾಲಿಡುವಂತಿಲ್ಲ. ಗರಿ ಒಣಗಿ ಎಳೆಯಷ್ಟೇ ಉಳಿದರೂ ಪೊಲೀಸಿನವರೂ ಅದನ್ನು ದಾಟುವುದಿಲ್ಲ. ಆದರೆ ತನ್ನ ಹೆಸರಿನಲ್ಲಿ ಕಟ್ಟಿಸಿದರೆ ಜಗಳದ ಮೇಲಿನ ಜಗಳವೆಂದು ಆ ಊರಿನವರು ಕಿತ್ತೆಸೆಯಬಹುದು ಎಂಬ ಅಳುಕು ಅವನಿಗಿತ್ತು. ಹೆಂಗಸಿನ ಹೆಸರಿನಲ್ಲಿ ಕಟ್ಟಿದ್ದನ್ನು ಕೆಯ್‌ನಲ್ಲಿ ಯಾವ ಗಂಡಸೂ ಮುಟ್ಟುವುದಿಲ್ಲ. ಹೆಣ್ಣಿನ ಮಾನಕ್ಕೆ ಕೈಯಿಟ್ಟವನಿಗೆ ಅಲ್ಲಿಯ ಹಳೆಯ ಕಟ್ಟಳೆಯಲ್ಲಿ ಎಲ್ಲಕ್ಕಿಂತ ದೊಡ್ಡ ದಂಡ. ಅಲ್ಲದೆ ನುಹುತಾದ ನೆಲ ಮನೆತನದ್ದಾದರೂ ತೆಂಗಿನ ಸಸಿಗಳನ್ನು ಮದುವೆಯಾದ ವರ್ಷ ನೆಟ್ಟವಳು ಒಕ್ತೋವಿನಾ, ನೆಟ್ಟವರದೇ ಮರ. ಹೀಗಾಗಿ ವರ್ಷಾನುಗಟ್ಟಲೆ ಒಲೆಯ ಹಿಂದಿದ್ದ ಅತ್ತಿಗೆಯ ಮಾನ ಬೊನಿಫಾಸನಿಗೆ ಒಂದು ಬೆಳಿಗ್ಗೆ ನೆನಪಾಯಿತು.

ಅವಳಿಗೆ ಹೊಸ ರವಿಕೆ ಬಂತು. ಹೇಳಬೇಕಾದ ಮಾತನ್ನು ಅವನು ಎರಡು ದಿನ ಬಾಯಿಪಾಠ ಮಾಡಿಸಿದ: ನನ್ನ ಮರದ ನೆರಳಿಗೆ ಪಕ್ಕದೂರಿನ ಬೋಟು ಬರಬಾರದು. ಅಷ್ಟೇ ಸಾಕು ಎಂದ. ಅವಳು ಪಾಠ ಒಪ್ಪಿಸಿದಳು, ಒಂದಕ್ಷರ ತಪ್ಪಲಿಲ್ಲ.

ನುಹುತಾದ ದಂಡೆಯಲ್ಲಿ ಎರಡೂ ಊರಿನವರು ನೆರೆದಿದ್ದರು. ಊರ ಹಿರಿಯ ಬಾಪಾ ಸಿಲ್ವೆಸ್ತರ್ ಪ್ರಾರ್ಥನೆ ಮುಗಿಸಿ ಗರಿಯನ್ನು ಅವಳ ಕೈಗಿಟ್ಟು ಕಟ್ಟಳೆಯಂತೆ ಕೇಳಿದ: "ಯಾಕೆ ಕಟ್ತಿದೀಯ, ಮಗಳೇ? ಎಲ್ಲರಿಗೂ ಕೇಳೋ ಹಾಗೆ ಹೇಳು. ಆ ಮಾತು ಇತ್ಯರ್ಥ ಆಗೋವರೆಗೂ ಇದು ಇರುತ್ತೆ. ಕಟ್ಟಿದ ಕೈಯೇ ಬಿಚ್ಚಬೇಕು."

ಒಕ್ತೋವಿನಾ ಗರಿಯನ್ನು ಮೊದಲ ಮರಕ್ಕೆ ಸುತ್ತಿ ಗಂಟು ಬಿಗಿದಳು. "ಈ ದ್ವೀಪದಲ್ಲಿ ಆಗಿದ್ದ ಒಂದು ವಿಷಯ ಇನ್ನೂ ಯಾರೂ ಹೇಳಿಲ್ಲ. ಅದನ್ನ ಹೇಳಬೇಕಾದವರು ಹೇಳೋವರೆಗೂ ಇಲ್ಲಿ ಯಾರೂ ಕಾಲಿಡಬಾರದು."

ಬಾಪಾ ಸಿಲ್ವೆಸ್ತರ್ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಆಗಲಿ ಎಂದ. ಬೊನಿಫಾಸನಿಗೆ ಖುಷಿಯೋ ಖುಷಿ. ಪಾಠ ತಪ್ಪಿದರೂ ಅತ್ತಿಗೆ ಗಟ್ಟಿಗಿತ್ತಿ, ಪಕ್ಕದೂರಿನವನು ಏನು ಕದ್ದನೋ ಏನೋ ಎಂದು ಜನ ತಾವೇ ಊಹಿಸಿಕೊಳ್ಳಲಿ ಎಂದು ಬೋಟಿನಲ್ಲಿ ತೊಡೆ ತಟ್ಟಿ ನಕ್ಕ. ಆ ಸಂಜೆ ಎರಡು ಮೀನು ಹೆಚ್ಚಿಗೆ ತಿಂದ. ಅವಳು ನಿಂತು ನೋಡಿದಳು.

ನಾಲ್ಕು ದಿನ ಬಿಟ್ಟು ಅತಿಥಿಗಳು ಬಂದರು. ಬೆಳಿಗ್ಗೆ ಬೊನಿಫಾಸ ಪಾತ್ರೆಗಳನ್ನು ಬೋಟಿಗಿಳಿಸಿ ಕರೆದರೆ ಒಕ್ತೋವಿನಾ ಹಂದಿಗಳಿಗೆ ಸಿಪ್ಪೆ ಹಾಕುತ್ತಿದ್ದಳು. ನುಹುತಾದಲ್ಲಿ ಗರಿ ಇದೆಯಲ್ಲ ಎಂದಳು.

"ಅದು ಅವರಿಗೆ ಅತ್ತಿಗೆ, ನಮಗಲ್ಲ."

"ಯಾರೂ ಕಾಲಿಡಬಾರದು ಅಂದಿದ್ದೆ. ನೀನೂ ಅಲ್ಲೇ ನಿಂತಿದ್ಯಲ್ಲ, ಕೇಳಿಸ್ಲಿಲ್ವಾ?"

ಆಗಲೂ ಅವನಿಗೆ ತಿಳಿಯಲಿಲ್ಲ. ಹಾಗಾದರೆ ಒಂದು ದಿನದ ಮಟ್ಟಿಗೆ ಬಿಚ್ಚಿ ಮತ್ತೆ ಕಟ್ಟು ಎಂದ. ಒಕ್ತೋವಿನಾ ಬಕೆಟ್ಟು ಕೆಳಗಿಟ್ಟು ಕೈ ತೊಳೆದಳು. ನಿನ್ನ ಅಣ್ಣ ಯಾವಾಗ ಸತ್ತರು, ನೀನು ಆಗ ಎಲ್ಲಿದ್ದೆ, ಅದನ್ನ ಊರ ಮುಂದೆ ಹೇಳು, ಆಮೇಲೆ ಬಿಚ್ಚುತ್ತೇನೆ ಎಂದಳು. ದನಿ ಎತ್ತಲಿಲ್ಲ. ಬೊನಿಫಾಸ ಅವಳನ್ನು ಬಿಟ್ಟೇ ಬೋಟಿಗೆ ಹೋದ.

ಅವನು ಒಂದು ವಾರ ಹಟ ಮಾಡಿದ. ನುಹುತಾ ಬಿಟ್ಟು ಮೂರೇ ದ್ವೀಪ ತೋರಿಸಿದ. ಊಟಕ್ಕೆ ಮರಳುನಾಲಿಗೆಯಲ್ಲಿ ನಿಲ್ಲಿಸಿದರೆ ನೆತ್ತಿ ಸುಡುವ ಬಿಸಿಲು, ಕುಡಿಯಲು ಬೋಟಿನಲ್ಲೇ ಕಾದ ನೀರು. ಎನ್ಬಾಲ್ ಮಾಡಲು ರೊಸ್ವಿತಾಳನ್ನು ಕೂರಿಸಿದ. ಅವಳು ಬೆಳಿಗ್ಗೆ ತುರಿದು ಮಧ್ಯಾಹ್ನಕ್ಕೇ ಚೀಲ ಬಿಚ್ಚಲು ಹೋದಾಗ ಒಕ್ತೋವಿನಾ ಹೊಸ್ತಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಬಂದು ಚೀಲದ ಮೇಲೆ ಇನ್ನೆರಡು ಕಲ್ಲು ಹೇರಿದಳು. "ನಾಳೆವರೆಗೂ ಮುಟ್ಟಬೇಡ, ರೊಸ್ವಿತಾ. ತಿನ್ನೋರು ನನಗೇನೂ ಮಾಡಿಲ್ಲ."

ರೊಸ್ವಿತಾ ಕೆಳಗೆ ಕೂತು ಕೈಯ ಗುಳ್ಳೆಗಳನ್ನು ನೋಡಿಕೊಂಡಳು. ಇದನ್ನು ದಿನಾ ಹೇಗೆ ಮಾಡುತ್ತಿದ್ದೆ ಎಂದು ಕೇಳಿದಳು. ಆಮೇಲೆ, ಅವತ್ತು ನಿಜವಾಗಿಯೂ ಭಾವ ಬದುಕಿದ್ದರೇ ಎಂದಳು. ಒಕ್ತೋವಿನಾ ನಿನ್ನ ಗಂಡನನ್ನೇ ಕೇಳು ಎಂಬಂತೆ ಅಂಗಳದ ಕಡೆ ಗದ್ದ ತೋರಿಸಿದಳು. ಕೇಳಿದಳೋ ಏನೋ, ಮರುದಿನದಿಂದ ರೊಸ್ವಿತಾಳೂ ಗಂಡನಿಗೆ ಊಟ ಬಡಿಸಿ ಅಲ್ಲೇ ನಿಲ್ಲತೊಡಗಿದಳು.

ಬೊನಿಫಾಸ ಹೊಸ ಒಲೆ ಕಟ್ಟಿಸಿಕೊಡುತ್ತೇನೆ ಎಂದ, ಗೆಣಸು ತುರಿಯುವ ಯಂತ್ರ ತರಿಸುತ್ತೇನೆ ಎಂದ. ಯಂತ್ರ ತರಿಸುವುದಿದ್ದರೆ ರೊಸ್ವಿತಾಳಿಗೆ ತರಿಸು ಎಂದಳು. ಕೊನೆಗೆ, ಯಾರ ಸೂರಿನಡಿ ಮಲಗುತ್ತೀಯ ನೆನಪಿದೆಯೇ ಎಂದು ಕೇಳಿದ. ಅವಳು ಚಾಪೆ ಸುತ್ತಿಕೊಂಡು ತೆಕ್ಲಾಳ ಮನೆಗೆ ನಡೆದಳು. ತೆಕ್ಲಾ ಬಾಗಿಲಲ್ಲೇ, "ಬಾರೇ. ಆದ್ರೆ ನಾನು ಉಣ್ಣೋವಾಗ ಎದುರಿಗೆ ನಿಂತ್ಕೋಬೇಡ, ನಂಗೆ ಗಂಟಲಲ್ಲಿ ಇಳಿಯಲ್ಲ" ಎಂದು ಚಾಪೆ ತೆಗೆದುಕೊಂಡಳು.

ಹೆಂಗಸೊಬ್ಬಳನ್ನು ಮನೆಯಿಂದ ಹೊರಗೆ ಹಾಕಿದ ಎಂಬ ಮಾತು ಊರಲ್ಲಿ ಎದ್ದಿತು. ಬಾಪಾ ಸಿಲ್ವೆಸ್ತರ್ ಇಬ್ಬರನ್ನೂ ಕರೆಸಿದ. ಬೊನಿಫಾಸ ಎಲ್ಲರೆದುರು ಒಂದಿಷ್ಟು ಬಾಯಿಬಿಟ್ಟ: ತಾನು ಹೋದಾಗ ಅಣ್ಣನಿಗೆ ಉಸಿರು ಇತ್ತೋ ಏನೋ, ತನಗೆ ಗಾಬರಿಯಾಗಿತ್ತು, ಸ್ವಲ್ಪ ತಡವಾಯಿತು, ಕ್ಷಮಿಸಬೇಕು. ಹಳೆಯ ಕಟ್ಟಳೆಯಂತೆ ಮನೆತನದ ಕಂಚಿನ ಜಾಗಟೆಯನ್ನು ದಂಡವಾಗಿ ಇಡುತ್ತೇನೆ ಎಂದೂ ಸೇರಿಸಿದ. ಸಾಕೇ ಮಗಳೇ ಎಂದು ಹಿರಿಯ ಕೇಳಿದ.

"ಸ್ವಲ್ಪ ಅಂದ್ರೆ ಎಷ್ಟು, ಬಾಪಾ? ನನಗೆ ಗೊತ್ತಿಲ್ಲ. ಅವನು ಅವತ್ತು ಆಮೇಲೆ ಹೋದ ದ್ವೀಪಗಳನ್ನ ನಾನು ನೋಡೇ ಇಲ್ಲ. ತೋರಿಸ್ಲಿ. ನೀವೂ ಬನ್ನಿ. ಅತಿಥಿಗಳನ್ನ ಸುತ್ತಿಸ್ತಾನಲ್ಲ, ಹಾಗೇ ನಮ್ಮನ್ನೂ ಸುತ್ತಿಸ್ಲಿ."

ಅದಕ್ಕೆ ಬೇಡವೆನ್ನಲು ಯಾರಿಗೂ ಕಾರಣ ಸಿಗಲಿಲ್ಲ.

ಶನಿವಾರ ಬೋಟಿನಲ್ಲಿ ಬಾಪಾ ಸಿಲ್ವೆಸ್ತರ್, ತೆಕ್ಲಾ, ರೊಸ್ವಿತಾ, ಊರಿನ ಇನ್ನೂ ಒಂಬತ್ತು ಹೆಂಗಸರು. ಒಕ್ತೋವಿನಾ ಅತಿಥಿಗಳ ಮೆತ್ತೆಯ ಮೇಲೆ, ಮುಂದಿನ ಸಾಲಿನಲ್ಲಿ ಕೂತಳು. ಜೀವಮಾನದಲ್ಲಿ ಮೊದಲ ಸಲ ಅವಳ ಕಾಲಬಳಿ ಪಾತ್ರೆಗಳಿರಲಿಲ್ಲ. ನುಹುತಾದ ಎದುರು, ಗರಿ ಕಾಣುವಷ್ಟು ದೂರದಲ್ಲಿ ಬೋಟು ನಿಲ್ಲಿಸಲು ಹೇಳಿದಳು. ಇಲ್ಲಿಂದ ನೀನು ಅವತ್ತು ಹೊರಟೆ, ಈಗ ಹೊರಡು ಎಂದಳು. ಬಾಪಾ ಸಿಲ್ವೆಸ್ತರ್ ಫೋನಿನಲ್ಲಿ ಹೊತ್ತು ನೋಡಿಕೊಂಡ.

ಮರಳುನಾಲಿಗೆ ಅವಳು ಅಂದುಕೊಂಡದ್ದಕ್ಕಿಂತ ಚೆಂದವಿತ್ತು. ಅದು ಅವಳನ್ನು ಇನ್ನಷ್ಟು ಸಿಟ್ಟಿಗೆಬ್ಬಿಸಿತು. ಬಿಳಿ ಮರಳು ಎರಡು ಬಣ್ಣದ ನೀರನ್ನು ಸೀಳಿಕೊಂಡು ದೂರದವರೆಗೆ ಹೋಗಿತ್ತು, ತುದಿಯಲ್ಲಿ ಆ ದೊಡ್ಡ ಹಕ್ಕಿಗಳು. ತೆಕ್ಲಾ ಬಾಯಿ ತೆರೆದು ನಿಂತಳು. ಒಕ್ತೋವಿನಾ ಚಪ್ಪಲಿ ಬಿಟ್ಟು ಒಂದಿಷ್ಟು ದೂರ ನಡೆದು, ತಿರುಗಿ ಬಂದು, ಇಲ್ಲಿ ಏನು ಮಾಡಿದಿರಿ ಎಂದು ಕೇಳಿದಳು.

ಫೋಟೋ ತೆಗೆದರು ಎಂದ ಬೊನಿಫಾಸ. ಯಾರು ತೆಗೆದದ್ದು? ತಾನೇ. ಅವರೆಲ್ಲ ಒಟ್ಟಿಗೆ ಕೈ ಹಿಡಿದು ಹಾರಬೇಕಿತ್ತು, ಒಬ್ಬರಲ್ಲ ಒಬ್ಬರು ತಡವಾಗಿ ಹಾರುತ್ತಿದ್ದರು. ಎಷ್ಟು ಸಲ ಹಾರಿಸಿದೆ? ಅವನು ಮರಳು ನೋಡಿದ. ಹತ್ತೋ ಹನ್ನೆರಡೋ. ಹೆಂಗಸರಲ್ಲಿ ಯಾರೋ ದನಿ ತೆಗೆದು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ಅವರೆಲ್ಲ ಅಲ್ಲೇ, ಅಂದು ಎಷ್ಟು ನಿಂತಿದ್ದೆ ಎಂದು ಅವನು ಒಪ್ಪಿಕೊಂಡನೋ ಅಷ್ಟು ಹೊತ್ತು ನಿಂತರು. ಹೊರಡೋಣ ಎಂದು ಅವನು ಎರಡು ಸಲ ಅಂದ. ಇನ್ನೂ ಆಗಿಲ್ಲ ಎಂದಳು.

ಬಂಡೆಕೊಲ್ಲಿಯಲ್ಲಿ ನೀರು ಅಲ್ಲಾಡುತ್ತಿರಲಿಲ್ಲ. ಎಂಜಿನ್ ನಿಲ್ಲಿಸಿದ ಮೇಲೆ ಉಸಿರಾಡಿದ್ದೂ ಕಲ್ಲುಗೋಡೆಗೆ ತಗುಲಿ ವಾಪಸು ಬರುವಂತಿತ್ತು. ಇಲ್ಲಿ ಏನು ಮಾಡಿದಿರಿ ಎಂದು ಅವಳು ಕೇಳಿದಳು. ಈಜಿದರು ಎಂದ. ನೀನು? ಬೋಟಿನಲ್ಲಿ ಕೂತಿದ್ದೆ ಎಂದ. ಯಾರೂ ಅಣ್ಣನ ಮಾತೆತ್ತಲಿಲ್ಲವೇ ಎಂದು ಅವಳು ಸುಮ್ಮನೆ, ಬೇರೇನೂ ಕೇಳಲು ತೋಚದೆ ಕೇಳಿದ್ದು. ಬೊನಿಫಾಸ ಚುಕ್ಕಾಣಿಯ ಮೇಲೆ ತಲೆಯಿಟ್ಟ.

"ಒಬ್ಬಳು ಕೇಳಿದ್ಲು. ವಯಸ್ಸಾದವಳು. ಅಲ್ಲಿ ಮಲಗಿದ್ದವನಿಗೆ ಹುಷಾರಿರಲಿಲ್ಲ, ವಾಪಸ್ ಹೋಗೋಣ, ನಮಗೆ ಈ ದ್ವೀಪ ನೋಡ್ದೇ ಇದ್ರೂ ನಡೆಯುತ್ತೆ ಅಂದ್ಲು. ಉಳಿದೋರೂ ಹೂಂ ಅಂದ್ರು."

"ಮತ್ತೆ?"

"ನಾನೇ ಬೇಡ ಅಂದೆ. ಅವನಿಗೆ ಆಗಾಗ ಹಾಗಾಗುತ್ತೆ ಅಂದೆ. ನಾಲ್ಕು ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ, ಅತ್ತಿಗೆ. ಮೊದಲನೇ ವರ್ಷ. ಮೂರೇ ತೋರಿಸಿದ್ರೆ ಹೆಸರು ಕೆಡುತ್ತೆ ಅಂತ ಅನ್ನಿಸ್ತು."

ಇದು ಒಕ್ತೋವಿನಾಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಆ ಹದಿನಾಲ್ಕು ಜನರನ್ನೂ ಸೇರಿಸಿ ಶಪಿಸಿದ್ದಳು. ನಮ್ಮ ಮನುಷ್ಯ ಸಾಯುತ್ತಿದ್ದಾಗ ಈಜಿದವರು ಎಂದು. ಈಗ ಅಷ್ಟೂ ಶಾಪ ಒಬ್ಬನ ತಲೆಗೇ ಉಳಿಯಿತು. ರೊಸ್ವಿತಾ ಎದ್ದು ಗಂಡನ ಪಕ್ಕದಿಂದ ಹಿಂದಿನ ಸಾಲಿಗೆ ಹೋಗಿ ಕೂತಳು. ಬಾಪಾ ಸಿಲ್ವೆಸ್ತರ್ ಗಂಟಲು ಸರಿಮಾಡಿಕೊಂಡು, ಹೇಳಬೇಕಾದವನು ಹೇಳಿದ್ದಾನೆ, ಇತ್ಯರ್ಥವಾಯಿತು ಎಂದ.

"ಇನ್ನೊಂದು ಕಡೆ ಇದೆ, ಬಾಪಾ" ಎಂದಳು ಒಕ್ತೋವಿನಾ. "ನುಹುತಾದ ಹತ್ತಿರ ಹೋಗಿ, ಅಲ್ಲಿಂದ ನೆಟ್ಟಗೆ ಪೇಟೆ ಆಸ್ಪತ್ರೆ ಕಟ್ಟೆಗೆ ಬಿಡ್ಲಿ. ಅವತ್ತು ಹೋಗಬೇಕಿದ್ದ ದಾರಿ. ಅದನ್ನೂ ನೋಡ್ಬೇಕು."

ಬೊನಿಫಾಸ ಬೇಡ ಎಂದ. ಎಣ್ಣೆ ಸಾಲದು, ಗಾಳಿ ಎದ್ದಿದೆ, ಸಂಜೆಯಾಗುತ್ತದೆ ಎಂದ. ಎಲ್ಲವನ್ನೂ ಹೇಳಿದ್ದೇನಲ್ಲ, ಇನ್ನು ಅದೊಂದನ್ನು ಬಿಡು ಅತ್ತಿಗೆ ಎಂದು ಅಂಗಲಾಚಿದ. ಅವಳು ಮೆತ್ತೆಯ ಮೇಲೆ ನೆಟ್ಟಗೆ ಕೂತು ಮುಂದೆ ನೋಡುತ್ತಿದ್ದಳು. ಬೇರೆ ಯಾರೂ ಅವನ ಪರ ಮಾತಾಡಲಿಲ್ಲ. ಅವನು ಎಂಜಿನ್ ಹಾಕಿದ.

ನುಹುತಾದ ಎದುರು ಬಾಪಾ ಸಿಲ್ವೆಸ್ತರ್ ಮತ್ತೆ ಹೊತ್ತು ನೋಡಿಕೊಂಡ. ಹಸಿರು ದಡ ಕಂಡಿತು, ಚರ್ಚಿನ ಗೋಪುರ ಕಂಡಿತು, ಆಸ್ಪತ್ರೆಯ ಕೆಂಪು ತಗಡಿನ ಮಾಡು ಕಂಡಿತು. ಬೋಟು ಕಟ್ಟೆಗೆ ತಾಗಿದಾಗ ಬಾಪಾ ಸಿಲ್ವೆಸ್ತರ್ ಫೋನು ತೆಗೆದು ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಮೂವತ್ತೆಂಟು ನಿಮಿಷ" ಎಂದ. ಬೊನಿಫಾಸನ ಕಡೆ ತಿರುಗಲಿಲ್ಲ.

ಕಟ್ಟೆಯ ಮೇಲೆ ಗಾಲಿಕುರ್ಚಿ ತಳ್ಳುತ್ತಿದ್ದವನೊಬ್ಬ, ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದ. ಇಲ್ಲಪ್ಪ, ನೋಡಿಕೊಂಡು ಹೋಗಲು ಬಂದೆವು ಎಂದು ತೆಕ್ಲಾ ಹೇಳಿದಳು. ಒಕ್ತೋವಿನಾ ಮೆಟ್ಟಿಲು ಹತ್ತಿ ನಿಂತು ಕೆಳಗೆ ನೋಡಿದಳು. ಮೈದುನನಿಗೆ ಐವತ್ತು ದಾಟಿತ್ತು. ಆಗ ಅವನಿಗೆ ಎಪ್ಪತ್ತು ಎಂದರೂ ನಂಬಬಹುದಿತ್ತು.

"ನಾಳೆ ಗರಿ ಬಿಚ್ತೀನಿ, ಬೊನಿ. ಮಾತು ಅಂದ್ರೆ ಮಾತು. ನಾಡಿದ್ದಿಂದ ನಾಲ್ಕೂ ತೋರಿಸು. ಅಡಿಗೆಗೆ ಬೇರೆ ಯಾರನ್ನಾದ್ರೂ ನೋಡ್ಕೋ. ಮರ ನನ್ನದು, ಅತಿಥಿಗಳು ಯಾವ ಊರ ಬೋಟಿನವರಾದ್ರೂ ನೆರಳಲ್ಲಿ ಕೂತ್ಕೊಳ್ಲಿ. ನೀನು ಮಾತ್ರ ಬಿಸಿಲಲ್ಲಿ ನಿಂತ್ಕೋ."

ಅವಳು ರಸ್ತೆಯ ಕಡೆ ನಡೆದಳು. ಓಹೊಯ್ವಾರಕ್ಕೆ ಹೋಗುವ ವ್ಯಾನು ಮಾರುಕಟ್ಟೆಯ ಬಳಿ ಸಿಗುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲಿ ಒಂದು ಗಂಟೆಯ ಕುಲುಕಾಟ. ಬೋಟಿನಲ್ಲಿ ಹೋದರೆ ಮೈಗೆ ಹಿತ, ತಂಗಾಳಿ. ತೆಕ್ಲಾ ಸೀರೆಯಂತೆ ಸುತ್ತಿದ್ದ ಲುಂಗಿಯನ್ನು ಎತ್ತಿಕೊಂಡು ಅವಳ ಹಿಂದೆ ಮೆಟ್ಟಿಲು ಹತ್ತಿದಳು. ಅವಳ ಹಿಂದೆ ಉಳಿದ ಹೆಂಗಸರು ಒಬ್ಬೊಬ್ಬರಾಗಿ. ಬಾಪಾ ಸಿಲ್ವೆಸ್ತರ್‌ಗೆ ಮೊಣಕಾಲು ನೋವು, ಇಬ್ಬರು ಕೈಹಿಡಿದು ಹತ್ತಿಸಿದರು. ಕೊನೆಗೆ ಉಳಿದವಳು ರೊಸ್ವಿತಾ. ಅವಳು ಗಂಡನನ್ನು ನೋಡಿದಳು, ಖಾಲಿ ಮೆತ್ತೆಗಳನ್ನು ನೋಡಿದಳು, ಚಪ್ಪಲಿ ಕೈಯಲ್ಲಿ ಹಿಡಿದು ದಡಕ್ಕೆ ಜಿಗಿದಳು.

ಬೊನಿಫಾಸ ಹಗ್ಗ ಬಿಚ್ಚದೆ ಬಹಳ ಹೊತ್ತು ಕೂತಿದ್ದನಂತೆ. ಗಾಲಿಕುರ್ಚಿಯವನು ಎರಡು ಸಲ ಬಂದು, ಇಲ್ಲಿ ಬೋಟು ನಿಲ್ಲಿಸಬಾರದು, ರೋಗಿಗಳು ಬರುವ ಜಾಗ ಎಂದು ಹೇಳಿಹೋದನಂತೆ. ವ್ಯಾನಿನಲ್ಲಿ ಒಕ್ತೋವಿನಾ ಕಿಟಕಿಯ ಪಕ್ಕ ಕೂತಿದ್ದಳು. ಯಾರೂ ಅವಳನ್ನು ಸಮಾಧಾನವಾಯಿತೇ ಎಂದು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದಳು.